ದ್ಯಾವೀರಮ್ಮನ ಎಂಟು

“ಇಷ್ಟೊಂದು ನೆತ್ರು ಯಾರ ಮೈಯಾಗೆ ಇತ್ತಪ್ಪಾ?”

ದ್ಯಾವೀರಮ್ಮ ಯಾರನ್ನೂ ಕೇಳಿದ್ದಲ್ಲ. ಒಗೆಯುವ ಕಲ್ಲಿನ ಮುಂದೆ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಆಪರೇಷನ್ ಥಿಯೇಟರಿನ ಹಾಸುಬಟ್ಟೆ. ತೊಟ್ಟಿಯ ನೀರು ಮೂರನೇ ಸಲ ಕೆಂಪಾಗಿತ್ತು. ಬಟ್ಟೆ ಎತ್ತಿ ಕಲ್ಲಿಗೆ ಬಡಿದಳು. ಮತ್ತೆ ಎತ್ತಿದಳು. ಕೈ ಅರ್ಧಕ್ಕೇ ನಿಂತಿತು. ಕಲ್ಲು ಹಿಡಿದುಕೊಂಡು ಕೂತುಬಿಟ್ಟಳು.

ನನ್ನ ಲ್ಯಾಬಿನ ಕಿಟಕಿ ಆ ಕಲ್ಲಿಗೆ ಎದುರು. ಅವಳ ಸೀರೆಯ ಹಿಂಭಾಗವೂ ಕೆಂಪಾಗಿದ್ದದ್ದು ಕಂಡಿತು. ಅದು ಬಟ್ಟೆಯಿಂದ ಸಿಡಿದ ನೀರಲ್ಲ.

ನಾನು ಕಿಟಕಿಯಿಂದ ಮುಖ ತಿರುಗಿಸಿದೆ.

ಇದು ಎಂಬತ್ತೆರಡನೇ ಇಸವಿಯ ಮಾತು. ತರೀಕೆರೆಯ ಅಡಿಕೆ ಸಾಹುಕಾರರು ತಮ್ಮ ತಾಯಿಯ ಹೆಸರಲ್ಲಿ ಕಟ್ಟಿಸಿದ ಆಸ್ಪತ್ರೆ ಅದು. ಗುರುಸಿದ್ದಮ್ಮ ಧರ್ಮಾಸ್ಪತ್ರೆ. ಇಪ್ಪತ್ತು ಮಂಚ. ಕಟ್ಟಿಸಿದವರು ಹೋಗಿ ಅವರ ಮಗ ಸೋಮಶೇಖರಪ್ಪ ಅಧ್ಯಕ್ಷರಾಗಿದ್ದರು. ಗುರುವಾರ ಗುರುವಾರ ಶಿವಮೊಗ್ಗದಿಂದ ಸರ್ಜನ್ ಬರುತ್ತಿದ್ದರು. ನಾನು ಕರಿಸಿದ್ದಪ್ಪ. ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಸಾಹುಕಾರರ ಜನವೇ ನಾನೂ. ದ್ಯಾವೀರಮ್ಮ ಆಯಾ. ಮಾದಿಗರ ಕೇರಿಯವಳು. ಆಗ ಅವಳಿಗೆ ನಲವತ್ತು ಇರಬಹುದು.

ಆಸ್ಪತ್ರೆಗೆ ಮೂವರು ಆಯಾಗಳು. ಒಬ್ಬೊಬ್ಬರು ಒಂದೊಂದು ವಾರ ವಾರ್ಡು, ಥಿಯೇಟರು, ಕಲ್ಲು ಎಂದು ಬದಲಾಯಿಸಿಕೊಳ್ಳಬೇಕು. ಆದರೆ ಇನ್ನೊಂದು ಕಟ್ಟಳೆ ಇತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಮುಟ್ಟಾದ ಆಯಾ ವಾರ್ಡಿನೊಳಗೆ ಕಾಲಿಡುವ ಹಾಗಿಲ್ಲ. ಹಿಂದಿನ ಬಾಗಿಲಿಂದ ಬಂದು ಕಲ್ಲಿನ ಹತ್ತಿರ ಇರಬೇಕು. ಬಟ್ಟೆ ಒಗೆಯಬೇಕು, ಬಾಟ್ಲಿ ತೊಳೆಯಬೇಕು. ಉಳಿದಿಬ್ಬರಿಗೆ ಅದು ತಿಂಗಳಿಗೆ ಮೂರು ದಿನದ ಶಿಕ್ಷೆ. ದ್ಯಾವೀರಮ್ಮನಿಗೆ ತಿಂಗಳಲ್ಲಿ ಇಪ್ಪತ್ತು ದಿನ ರಕ್ತ ಹೋಗುತ್ತಿತ್ತು. ಹಾಗಾಗಿ ಕಲ್ಲು ಅವಳದೇ ಆಗಿಹೋಯಿತು. ಯಾರಿಗೆ ಮೈಯಲ್ಲಿ ರಕ್ತವಿಲ್ಲವೋ ಅವಳಿಗೇ ಎಲ್ಲಕ್ಕಿಂತ ಭಾರದ ಕೆಲಸ.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಮ್ಮಜ್ಜಿ ಹೇಳಿಹೇಳಿ ನನ್ನನ್ನು ಬೆಳೆಸಿದಳು. ದಿನಾ ಬೆಳಗ್ಗೆ ಲಿಂಗ ಅಂಗೈಯಲ್ಲಿಟ್ಟುಕೊಂಡು ವಚನ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಕೇಳುವುದು ನನಗೆ ಚೆನ್ನಾಗಿ ಬಂತು. ಹೇಳುವುದು ಬರಲಿಲ್ಲ. ಸೂತಕವಿಲ್ಲವೆಂಬ ಆ ಮಾತು ನಮ್ಮ ನಮ್ಮ ಅಡುಗೆಮನೆಗಳಲ್ಲೇ ಉಳಿಯಿತು. ಆಸ್ಪತ್ರೆಯ ಹಿಂದಿನ ಕಲ್ಲಿನವರೆಗೆ ಬರಲಿಲ್ಲ.

ಅವತ್ತು ಕಲ್ಲು ಹಿಡಿದು ಕೂತವಳು ಏಳಲಿಲ್ಲ. ಅವಳ ಗಂಡ ಜವರಯ್ಯ ಆಸ್ಪತ್ರೆಯ ಗೇಟಿನಲ್ಲಿ ಕಸ ಗುಡಿಸುತ್ತಿದ್ದ. ಓಡಿಬಂದು ಹೆಗಲು ಕೊಟ್ಟು ಎಬ್ಬಿಸಿದ. ಸರ್ಜನ್ ಇನ್ನೂ ಹೊರಟಿರಲಿಲ್ಲ. ಕೈ ತೊಳೆಯುತ್ತಾ ನೋಡಿದರು. ಹೊಟ್ಟೆ ಒತ್ತಿದರು.

“ಗರ್ಭಕೋಶದಲ್ಲಿ ಗಡ್ಡೆ ಇದೆ. ತೆಗೀಬೇಕು. ಕರಿಸಿದ್ದಪ್ಪ, ಎಚ್‌ಬಿ ನೋಡಿ.”

ನೋಡಿದೆ. ಎಚ್‌ಬಿ ಎಂದರೆ ರಕ್ತ ಎಷ್ಟು ಗಟ್ಟಿಯಿದೆ ಎಂಬ ಲೆಕ್ಕ. ಬೆರಳು ಚುಚ್ಚಿದರೆ ಹನಿ ಬರಲೇ ಇಲ್ಲ. ಹಿಂಡಿದೆ. ಗಾಜಿನ ಸಣ್ಣ ಕೊಳವೆಯಲ್ಲಿ ಬಾಯಿಂದ ಎಳೆದು, ಆಸಿಡ್ ಇರುವ ನಳಿಕೆಗೆ ಬಿಟ್ಟೆ. ರಕ್ತ ಆಸಿಡ್ಡಿಗೆ ಬಿದ್ದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಕಂದು ಗಾಜಿನ ಕಡ್ಡಿ ಇರುತ್ತದೆ. ಎರಡೂ ಒಂದೇ ಬಣ್ಣ ಆಗುವವರೆಗೆ ಹನಿ ಹನಿ ನೀರು ಹಾಕಬೇಕು. ಗಟ್ಟಿ ರಕ್ತ ತುಂಬಾ ನೀರು ಹಿಡಿಯುತ್ತದೆ. ದ್ಯಾವೀರಮ್ಮನದು ನಾಲ್ಕು ಹನಿಗೇ ತಿಳಿಯಾಯಿತು. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ.

ಐದೂವರೆ.

ಹೆಂಗಸಿಗೆ ಹನ್ನೆರಡು ಇರಬೇಕು. ಹತ್ತಕ್ಕಿಂತ ಕೆಳಗಿದ್ದರೆ ಸರ್ಜನ್ ಕತ್ತಿ ಮುಟ್ಟುತ್ತಿರಲಿಲ್ಲ.

“ಮೇಜಿನ ಮೇಲೇ ಹೋಗ್ಬಿಡ್ತಾಳೆ ಕಣ್ರೀ,” ಎಂದರು. “ಕಬ್ಬಿಣದ ಮಾತ್ರೆ ಕೊಡಿ. ಸೊಪ್ಪು, ಬೆಲ್ಲ, ಲಿವರ್ ತಿನ್ನಮ್ಮ. ಹತ್ತಾಗ್ಲಿ, ಮಾಡೋಣ.”

“ಲಿವರ್ ಯಾರ್ದು ತಿನ್ಲಿ ಸ್ವಾಮಿ?” ಎಂದಳು ದ್ಯಾವೀರಮ್ಮ. ತುಟಿ ಬಿಳಿಚಿಕೊಂಡಿತ್ತು. ಬಾಯಿ ಮಾತ್ರ ಬಿಳಿಚಿರಲಿಲ್ಲ. “ಈ ಜವರಯ್ಯಂದು ತಿನ್ಲಾ? ಅವ್ನ ಒಳಗೆ ಬೀಡಿ ಹೊಗೆ ಬಿಟ್ರೆ ಏನೂ ಇಲ್ಲ.”

ಸರ್ಜನ್ ನಕ್ಕರು. ಕಾರು ಹತ್ತಿದರು.

ಹೀಗೆ ಶುರುವಾಯಿತು. ಪ್ರತಿ ಬುಧವಾರ ಅವಳು ಲ್ಯಾಬಿನ ಹಿಂದಿನ ಕಿಟಕಿಯಿಂದ ಕೈ ಚಾಚುತ್ತಿದ್ದಳು. ಒಳಗೆ ಬರುವ ಹಾಗಿರಲಿಲ್ಲವಲ್ಲ. ಕಂಬಿಗಳ ನಡುವೆ ಬೆರಳು. ನಾನು ಚುಚ್ಚುತ್ತಿದ್ದೆ. ಆರು. ಆರೂವರೆ. ಮತ್ತೆ ಐದು. ಆರು. ತಿಂಗಳ ಕೊನೆಗೆ ಒಂದಿಷ್ಟು ಏರಿದರೆ ಮುಂದಿನ ತಿಂಗಳು ಅಷ್ಟೂ ಹರಿದುಹೋಗುತ್ತಿತ್ತು.

“ಎಷ್ಟೈತೆ ಸ್ವಾಮಿ?”

ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರೋಗಿಗೆ ನಂಬರು ಹೇಳಬಾರದು, ಡಾಕ್ಟರು ಹೇಳುತ್ತಾರೆ ಎಂಬುದು ಲ್ಯಾಬಿನ ಪದ್ಧತಿ. ನಾನು ಆ ಪದ್ಧತಿಯ ಹಿಂದೆ ಆರಾಮಾಗಿ ಕೂತಿದ್ದೆ.

“ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತೈತೆ ಬಿಡಿ,” ಎನ್ನುತ್ತಿದ್ದಳು. ಬೆರಳು ಬಾಯಲ್ಲಿಟ್ಟು ಚೀಪಿಕೊಳ್ಳುತ್ತಿದ್ದಳು. “ಇರೋದೇ ಒಂದು ಹನಿ. ಅದನ್ನೂ ವಾರ ವಾರ ನೀವು ಕುಡೀತೀರಿ.”

ಒಂದು ದಿನ ಕಿಟಕಿಯ ಆಚೆಯಿಂದಲೇ ಹೇಳಿದಳು. “ಒಂದು ಕೇಳ್ಲಾ ಸ್ವಾಮಿ? ನೆತ್ರು ಹೋಗೋದು ನಿಲ್ಲಬೇಕು ಅಂದ್ರೆ ಆಪ್ರೇಸನ್ ಆಗ್ಬೇಕು. ಆಪ್ರೇಸನ್ ಆಗ್ಬೇಕು ಅಂದ್ರೆ ನೆತ್ರು ಇರ್ಬೇಕು. ಯಾವ ಬಾಗ್ಲಿಂದ ಒಳಕ್ಕೆ ಬರ್ಲಿ ನಾನು?”

ಮಾತ್ರೆಯ ಪೊಟ್ಟಣ ಕೊಟ್ಟೆ.

ಆ ಮಾತ್ರೆಗಳ ಕಥೆಯೂ ಆಮೇಲೆ ತಿಳಿಯಿತು. ಮೂರು ತಿಂಗಳಾದರೂ ಏರದಿದ್ದಾಗ ಜವರಯ್ಯನನ್ನು ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡ.

“ಅರ್ಧ ಅಜ್ಜಂಪುರಕ್ಕೆ ಹೋಗ್ತೈತೆ ಬುದ್ಧಿ. ಮಗಳು ಬಸುರಿ. ಅವಳೂ ಹಿಂಗೇ ಬೆಳ್ಳಗಾಗವ್ಳೆ. ನೆತ್ರು ಬರೋ ಮಾತ್ರೆ ಅಂತ ಗೊತ್ತಾದ್ಮೇಲೆ ಇವಳೊಬ್ಬಳೇ ಹೆಂಗೆ ನುಂಗ್ತಾಳೆ?”

ಕೇರಿಯಲ್ಲಿ ಒಂದು ಮನೆಗೆ ಸಾರು ಬಂದರೆ ಮೂರು ಮನೆಗೆ ಹಂಚುವುದು. ಮಾತ್ರೆಗೂ ಅದೇ ಲೆಕ್ಕ. ನಾನು ಬೈಯಲಿಲ್ಲ. ಮುಂದಿನ ವಾರದಿಂದ ಎರಡು ಪೊಟ್ಟಣ ಕೊಟ್ಟೆ. ಅಷ್ಟೇ ನಾನು ಮಾಡಿದ ಪುಣ್ಯ.

ಹತ್ತನೇ ತಿಂಗಳಿಗೆ ಸರ್ಜನ್ನರೇ ಸೋತರು. “ಇವಳಿಗೆ ಹತ್ತು ಆಗಲ್ಲ. ಮುಟ್ಟು ನಿಲ್ಲಿಸೋ ಮಾತ್ರೆ ಕೊಡ್ತೀನಿ, ಆರು ವಾರ. ಅಷ್ಟರೊಳಗೆ ಎಂಟಕ್ಕೆ ಬರ್ಲಿ. ಒಂದು ಬಾಟ್ಲಿ ರಕ್ತ ಕೈಯಲ್ಲಿರ್ಲಿ. ಎಂಟಕ್ಕೇ ಮಾಡ್ತೀನಿ. ಆದ್ರೆ ಒಂದು ಮಾತು. ಮಾತ್ರೆ ಮುಗಿದ ಎರಡು ಮೂರು ದಿನಕ್ಕೆ ಒಡ್ಡು ಒಡೆದ ಹಾಗೆ ಬರುತ್ತೆ. ಅದಕ್ಕೆ ಮುಂಚೆ ಆಗ್ಬೇಕು. ಆರು ವಾರಕ್ಕಿಂತ ಹೆಚ್ಚು ಆ ಮಾತ್ರೆ ಕೊಡೋ ಹಾಗಿಲ್ಲ.”

ರಕ್ತಕ್ಕೆ ಮೊದಲು ಬಂದವನು ಜವರಯ್ಯ. ಗುಂಪು ಹೊಂದಿತು. ಇಬ್ಬರದೂ ಬಿ ಪಾಸಿಟಿವ್. ತಕ್ಕಡಿಯ ಮೇಲೆ ನಿಲ್ಲಿಸಿದೆ. ನಲವತ್ತೊಂದು ಕಿಲೋ.

“ನಲವತ್ತೈದು ಇಲ್ದಿದ್ರೆ ತಗೊಳ್ಳೋ ಹಾಗಿಲ್ಲ ಜವರಯ್ಯ.”

“ಜೇಬಿಗೆ ಕಲ್ಲು ಹಾಕ್ಕೊಂಡು ಬರ್ಲಾ ಬುದ್ಧಿ?”

“ನೀನೇ ಬಿದ್ದು ಹೋಗ್ತೀಯ.”

“ನಾನು ಬಿದ್ರೆ ಬೀಳ್ಲಿ. ಎತ್ತೋಕೆ ಅವಳಿರ್ತಾಳಲ್ಲ.”

ತಗೊಳ್ಳಲಿಲ್ಲ. ಕಟ್ಟಳೆ ಕಟ್ಟಳೆಯೇ. ಆಮೇಲೆ ದ್ಯಾವೀರಮ್ಮನ ತಮ್ಮ ಬೀರಯ್ಯ ಲಕ್ಕವಳ್ಳಿಯಿಂದ ಬಂದ. ಅಲ್ಲಿ ಕಾಲುವೆಯ ಹೂಳೆತ್ತುವ ಕೂಲಿ. ಗಟ್ಟಿ ಆಳು. ಹೆಂಡತಿ ಬಸ್ಸಿಗೆ ಅಡ್ಡ ಕೂತು ಅತ್ತಳಂತೆ, ನೆತ್ರು ಕೊಟ್ಟರೆ ಗಂಡಸ್ತನ ಹೋಗುತ್ತೆ ಎಂದು. ಇವನು ಅವಳನ್ನು ದಾಟಿಕೊಂಡು ಬಂದಿದ್ದ. ಮಂಗಳವಾರ ಬೆಳಗ್ಗೆ ಮಲಗಿಸಿ ಒಂದು ಬಾಟ್ಲಿ ತುಂಬಿಕೊಂಡೆ. ಗಾಜಿನ ಬಾಟ್ಲಿ ಕೈಗೆ ಬೆಚ್ಚಗಿತ್ತು. ಕಾಗದದ ಚೀಟಿ ಅಂಟಿಸಿದೆ. ‘ದ್ಯಾವೀರಮ್ಮ, ಆಯಾ.’ ಫ್ರಿಜ್ಜಿನಲ್ಲಿಟ್ಟೆ. ಬೀರಯ್ಯ ಒಂದು ಲೋಟ ಕಾಫಿ ಕುಡಿದು, ಅಕ್ಕನ ತಲೆ ಮುಟ್ಟಿ, ಬಸ್ಸು ಹತ್ತಿದ.

ಅದೇ ದಿನ ಅವಳ ಬೆರಳನ್ನೂ ಚುಚ್ಚಿದೆ. ಈಗ ಮುಟ್ಟು ನಿಂತಿತ್ತು. ಆರು ವಾರದಿಂದ ಒಳಬಾಗಿಲಿಂದ ಬರುತ್ತಿದ್ದಳು. ನನ್ನ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ನೀರು ಹಾಕಿದೆ. ಬಣ್ಣ ಇನ್ನೂ ದಟ್ಟ. ಮತ್ತೊಂದು ಹನಿ. ಮತ್ತೂ ಒಂದು. ಬೆಳಕಿಗೆ ಹಿಡಿದೆ.

ಎಂಟು.

ನನಗೆ ತಡೆಯಲಾಗಲಿಲ್ಲ. ಪದ್ಧತಿ ಮುರಿದು ಎಂಟು ಬೆರಳು ಎತ್ತಿ ತೋರಿಸಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. ಎದ್ದು ಗೋಡೆಗೆ ಹೋಗಿ ನಿಂತಳು. ಮುಖ ಗೋಡೆಯ ಕಡೆಗಿತ್ತು.

“ಗುರುವಾರ,” ಎಂದಳು.

ಗುರುವಾರವೇ ಕೊನೆಯ ಮಾತ್ರೆ.

ಬುಧವಾರ ಮಧ್ಯಾಹ್ನ ಕಡೂರಿನಿಂದ ಅಂಬಾಸಿಡರ್ ಕಾರು ಬಂತು. ಸೋಮಶೇಖರಪ್ಪನವರ ಅಕ್ಕ ವಿಮಲಮ್ಮ. ಕಡೂರಿನ ಕೊಬ್ಬರಿ ಸಾಹುಕಾರರ ಮನೆಗೆ ಕೊಟ್ಟಿದ್ದರು. ಅವರಿಗೂ ಅದೇ ಗಡ್ಡೆ. ಅವರಿಗೂ ಅದೇ ವಯಸ್ಸು. ಸ್ಪೆಷಲ್ ರೂಮಿಗೆ ಹೊಸ ಹಾಸಿಗೆ ಬಂತು. ಜೊತೆಗೆ ಮನೆಯ ಪಾತ್ರೆ, ಮನೆಯ ಬಿಂದಿಗೆ, ನೀರು ಕೊಡಲು ಮನೆಯ ಹೆಂಗಸು. ಅವತ್ತು ಅವರಿಗೂ ರಕ್ತ ಹೋಗುತ್ತಿತ್ತು. ಆದರೂ ಮುಂಬಾಗಿಲಿಂದಲೇ ಬಂದರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ.

ಅವರ ಎಚ್‌ಬಿ ನೋಡಿದೆ. ಒಂಬತ್ತೂವರೆ.

ಸರ್ಜನ್ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಒಂದು ತಿಂಗಳು ಮಾತ್ರೆ ತಗೊಳ್ಳಲಿ, ಹನ್ನೊಂದಾಗುತ್ತೆ, ಆಮೇಲೆ ಮಾಡೋಣ. ಅವಸರವಿಲ್ಲ.

“ಅವಸರ ಇದೆ ಡಾಕ್ಟ್ರೇ,” ಎಂದರು ಸೋಮಶೇಖರಪ್ಪ. “ಬರೋ ತಿಂಗಳು ಅಕ್ಕನ ಮಗಳ ಮದುವೆ. ಧಾರೆಗೆ ನಿಂತ್ಕೋಬೇಕಲ್ಲ. ರಕ್ತ ಒಂದು ಬಾಟ್ಲಿ ಕೊಟ್ರೆ ಆಗುತ್ತಾ? ಆಗುತ್ತೆ ತಾನೆ? ಸರಿ ಹಾಗಾದ್ರೆ. ನಾಳೆ ಮಾಡ್ಬಿಡಿ.”

ಫೋನಿಟ್ಟು ನನ್ನ ಕಡೆ ತಿರುಗಿದರು.

“ಅಕ್ಕನ ಗುಂಪು ಯಾವ್ದು ಕರಿಸಿದ್ದಪ್ಪ?”

“ಬಿ ಪಾಸಿಟಿವ್.”

“ಫ್ರಿಜ್ಜಲ್ಲಿ ಇದ್ಯಲ್ಲ ಒಂದು.”

“ಅದು ದ್ಯಾವೀರಮ್ಮಂದು ಸಾವ್ಕಾರ್ರೇ. ನಾಳೆ ಅವಳ್ದು ಆಪರೇಷನ್.”

“ಅವಳು ಎಲ್ಲಿಗೆ ಹೋಗ್ತಾಳಯ್ಯಾ? ಇಲ್ಲೇ ಇರೋಳು. ಮುಂದಿನ ಗುರುವಾರ ಆದ್ರಾಯ್ತು. ಅವಳ ಜನ ಇನ್ನೊಂದು ಬಾಟ್ಲಿ ಕೊಡ್ತಾರೆ. ಗಟ್ಟಿ ಜನ.”

“ಅವಳಿಗೆ ಮಾತ್ರೆ...”

“ಏನು?”

ಮಾತ್ರೆ ನಾಳೆಗೆ ಮುಗಿಯುತ್ತೆ, ಮುಂದಿನ ಗುರುವಾರಕ್ಕೆ ಅವಳ ಎಂಟು ಇರುವುದಿಲ್ಲ ಎಂದು ಹೇಳಬೇಕಿತ್ತು. ನನ್ನನ್ನು ಆ ಕೆಲಸಕ್ಕೆ ಹಾಕಿದವರು ಅವರೇ. ನನ್ನಪ್ಪ ಅವರ ಮಂಡಿಯಲ್ಲೇ ಗುಮಾಸ್ತನಾಗಿದ್ದವನು.

“ಏನಿಲ್ಲ,” ಎಂದೆ.

ಅವರು ಹೊರಡುವಾಗ ದನಿ ತಗ್ಗಿಸಿದರು. “ಯಾರ ರಕ್ತ ಅಂತ ಅಕ್ಕಂಗೆ ಗೊತ್ತಾಗ್ಬಾರ್ದು. ಆ ಚೀಟಿ ಕಿತ್ತುಬಿಡು.”

ಗಾಜಿನ ಮೇಲೆ ಇಬ್ಬರದನ್ನೂ ಬೆರೆಸಿ ನೋಡಿದೆ. ನೋಡಲೇಬೇಕು. ಹೊಂದದಿದ್ದರೆ ಗರಣೆ ಕಟ್ಟುತ್ತದೆ. ಕಟ್ಟಲಿ ಎಂದು ಬೇಡಿಕೊಂಡೆ. ಕಟ್ಟಲಿಲ್ಲ. ಬೀರಯ್ಯನ ರಕ್ತ ವಿಮಲಮ್ಮನವರದರಲ್ಲಿ ಸುಮ್ಮನೆ ಬೆರೆತುಕೊಂಡಿತು.

ಚೀಟಿ ಉಗುರಿನಿಂದ ಕೆರೆದು ತೆಗೆದೆ. ಬೇರೆ ಚೀಟಿ ಬರೆದೆ. ಅಕ್ಷರ ದುಂಡಗೆ ಬಂತು.

ಗುರುವಾರ ಬೆಳಗ್ಗೆ ದ್ಯಾವೀರಮ್ಮ ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಮಗಳ ಸೀರೆ ಉಟ್ಟಿದ್ದಳು, ಹಸಿರು ಬಣ್ಣದ್ದು. ಹೊಟ್ಟೆಗೆ ಏನೂ ಹಾಕಿಕೊಳ್ಳಬಾರದು ಎಂದಿದ್ದರಿಂದ ಹಿಂದಿನ ದಿನದಿಂದ ನೀರೂ ಕುಡಿದಿರಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಕೈಯ ಮಸಿಯನ್ನು ಸೀರೆಗೆ ತಾಗಿಸದೆ ಎತ್ತಿಹಿಡಿದು ವರಾಂಡದ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ನೆಲದ ಮೇಲೆ ಜವರಯ್ಯ.

ಅವಳ ಎದುರಿಂದಲೇ ವಿಮಲಮ್ಮನವರ ಸ್ಟ್ರೆಚರ್ ಹೋಯಿತು. ಬಾಟ್ಲಿ ಹಿಡಿದುಕೊಂಡು ನಾನು ಹಿಂದೆ.

ಥಿಯೇಟರಿನ ಬಾಗಿಲಲ್ಲಿ ವಿಮಲಮ್ಮ ನನ್ನ ತೋಳು ಹಿಡಿದರು. ಕೆಟ್ಟ ಹೆಂಗಸಲ್ಲ. ಹೆದರಿದ್ದರು. ಕೈ ತಣ್ಣಗಿತ್ತು.

“ಅದು ಯಾರ್ದಪ್ಪ ರಕ್ತ? ನಮ್ಮೋರ್ದು ತಾನೆ?”

“ನಮ್ಮೋರ್ದೇ ಅಮ್ಮ,” ಎಂದೆ.

ಹನ್ನೊಂದು ತಿಂಗಳು ದ್ಯಾವೀರಮ್ಮನಿಗೆ ಒಂದು ಅಂಕಿ ಹೇಳಲು ಬಾರದ ಬಾಯಿ. ಆ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿತು.

ಮಧ್ಯಾಹ್ನ ಎರಡಕ್ಕೆ ಸೋಮಶೇಖರಪ್ಪ ವರಾಂಡಕ್ಕೆ ಬಂದರು. “ಇವತ್ತು ಹೊತ್ತಾಯ್ತು ಕಣಮ್ಮ. ಡಾಕ್ಟ್ರಿಗೆ ಸುಸ್ತಾಗಿದೆ. ಮುಂದಿನ ಗುರುವಾರ ಮೊದ್ಲು ನಿಂದೇ.”

“ಮಾತ್ರೆ ಇವತ್ತಿಗೆ ಮುಗೀತೈತೆ ಸಾವ್ಕಾರ್ರೇ.”

“ದೇವರಿದಾನೆ.”

ಜವರಯ್ಯ ಒಂದು ಲೋಟ ನೀರು ತಂದುಕೊಟ್ಟ. ಕುಡಿದಳು. ಅಷ್ಟರಲ್ಲಿ ನರ್ಸು ಒಳಗಿಂದ ಕೂಗಿದಳು. ಥಿಯೇಟರ್ ಬಟ್ಟೆ ನೆನೀತಾ ಇದೆ, ಒಬ್ಬಳು ಆಯಾ ರಜಾ, ಇನ್ನೊಬ್ಬಳು ಸ್ಪೆಷಲ್ ರೂಮಲ್ಲಿ. ದ್ಯಾವೀರಮ್ಮ, ಹೇಗೂ ಬಂದಿದ್ದೀಯಲ್ಲ.

ಹಸಿರು ಸೀರೆ ಎತ್ತಿ ಕಟ್ಟಿ ಕಲ್ಲಿಗೆ ಹೋದಳು. ವಿಮಲಮ್ಮನವರ ಬಟ್ಟೆ ಒಗೆದಳು. ಆಮೇಲೆ ಬಾಟ್ಲಿ ಬಂತು. ಆಗ ರಕ್ತದ ಬಾಟ್ಲಿ ಬಿಸಾಡುತ್ತಿರಲಿಲ್ಲ. ತೊಳೆದು, ಬೇಯಿಸಿ, ಮತ್ತೆ ತುಂಬುತ್ತಿದ್ದರು. ತೊಳೆಯುವವಳು ಅವಳೇ.

ಬಾಟ್ಲಿ ಕೈಯಲ್ಲಿ ಹಿಡಿದು ಕಿಟಕಿಗೆ ಬಂದಳು.

“ಈ ವಾರ ತುಂಬಿದ್ದು ಎಷ್ಟು ಬಾಟ್ಲಿ ಸ್ವಾಮಿ?”

ನಾನು ರಿಜಿಸ್ಟರ್ ತಿರುವಿದೆ. ಓದಲು ಏನೂ ಇರಲಿಲ್ಲ.

“ಒಂದೇ ಅಲ್ವಾ? ಹೋದ್ವಾರ ನಾನು ತೊಳೆದಿಟ್ಟಿದ್ದು ಒಂದೇ. ತುಂಬಿದ್ದು ನನ್ನ ತಮ್ಮಂದು. ಈಗ ತೊಳೆಯಾಕೆ ಬಂದಿರೋದೂ ಒಂದೇ.” ಬಾಟ್ಲಿಯನ್ನು ಕಂಬಿಯ ಹತ್ತಿರ ತಂದಳು. ತಳದಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. “ನೀವು ಹೇಳ್ಬೇಡಿ ಬಿಡಿ. ತೊಳೆಯೋಳಿಗೆ ಎಲ್ಲಾ ಗೊತ್ತಾಗ್ತೈತೆ.”

ಕಲ್ಲಿಗೆ ವಾಪಸು ಹೋದಳು. ಆ ಬಾಟ್ಲಿಯನ್ನು ತುಂಬಾ ಹೊತ್ತು ತೊಳೆದಳು. ಕೊನೆಯ ನೀರನ್ನು ಮೋರಿಗೆ ಚೆಲ್ಲಲಿಲ್ಲ. ತೆಂಗಿನ ಬುಡಕ್ಕೆ ಹೊಯ್ದಳು.

ಶನಿವಾರ ಶುರುವಾಯಿತು. ಸರ್ಜನ್ ಹೇಳಿದ ಹಾಗೇ, ಒಡ್ಡು ಒಡೆದಂತೆ. ಭಾನುವಾರ ಗೋಣಿಚೀಲ ಹಾಸಿಕೊಂಡು ಗುಡಿಸಿಲಲ್ಲಿ ಬಿದ್ದಿದ್ದಳಂತೆ. ಸೋಮವಾರ ಕೆಲಸಕ್ಕೆ ಬಂದಳು. ಹಿಂದಿನ ಬಾಗಿಲಿಂದ. ಕಲ್ಲಿಗೆ. ಬುಧವಾರ ಕಂಬಿಗಳ ನಡುವೆ ಬೆರಳು ಬಂತು. ಐದು ಹನಿ ನೀರಿಗೆ ಬಣ್ಣ ಹೋಯಿತು.

ಆರು.

ಆರು ವಾರದ ಮಾತ್ರೆ, ಸೊಪ್ಪು, ಬೆಲ್ಲ, ಬಾಯಿ ಕಟ್ಟಿ ಕೂಡಿಸಿಕೊಂಡದ್ದು ಐದು ದಿನದಲ್ಲಿ ಹೋಗಿತ್ತು. ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಬೆರಳು ಎಳೆದುಕೊಂಡು ಹೋದಳು.

ಅದೇ ಬೆಳಗ್ಗೆ ವಿಮಲಮ್ಮನವರದನ್ನೂ ನೋಡಿದ್ದೆ. ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಆಪರೇಷನ್ ಆಗಿ ಆರು ದಿನ. ಒಂಬತ್ತು.

“ಒಂಬತ್ತೇನಾ?” ಎಂದರು ಸೋಮಶೇಖರಪ್ಪ ಲ್ಯಾಬಿಗೆ ಬಂದು. “ಮುಂಚೆ ಒಂಬತ್ತೂವರೆ ಇತ್ತಲ್ಲಯ್ಯಾ. ಕಡಿಮೆ ಆಯ್ತಲ್ಲ.”

“ಆಪರೇಷನ್ ಆದ್ಮೇಲೆ ಅಷ್ಟು ಇಳಿಯುತ್ತೆ ಸಾವ್ಕಾರ್ರೇ. ಭಯ ಇಲ್ಲ. ಮಾತ್ರೆಯಲ್ಲೇ ಏರುತ್ತೆ.”

“ಮದುವೆ ಮನೆ ಕಣಯ್ಯಾ. ನಾಲ್ಕು ಸಾವಿರ ಜನ ಬರ್ತಾರೆ. ಹಿಂಗೆ ಬಿಳಿಚಿಕೊಂಡು ನಿಂತ್ರೆ ಏನಂತಾರೆ? ಇನ್ನೊಂದು ಬಾಟ್ಲಿ ಏರಿಸಿ ಕಳಿಸ್ಬಿಡೋಣ. ಡಾಕ್ಟ್ರನ್ನ ಕೇಳ್ದೆ. ನಿಮ್ಮಿಷ್ಟ ಅಂದ್ರು. ಆ ಬೀರಯ್ಯನ್ನ ಕರೆಸು.”

“ಅವನು ಕೊಟ್ಟು ಒಂದು ವಾರ ಆಗಿದೆ. ಮೂರು ತಿಂಗಳು ತಗೊಳ್ಳೋ ಹಾಗಿಲ್ಲ.”

“ಜವರಯ್ಯ ಇದ್ನಲ್ಲ. ಅವನ ಗುಂಪೂ ಅದೇ ಅಲ್ವಾ?”

“ತೂಕ ಇಲ್ಲ. ನಲವತ್ತೊಂದು.”

“ನಾಲ್ಕು ಕಿಲೋಗೆ ಏನಾಗುತ್ತಯ್ಯಾ? ಕರೆಸು. ನಾನೇ ಮಾತಾಡ್ತೀನಿ.”

ಜವರಯ್ಯ ಪೊರಕೆ ಗೋಡೆಗೆ ಒರಗಿಸಿ ಬಂದ. ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟರು. ಅವರು ಅವನನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಜವರಯ್ಯನ ಮೈ ಕುಗ್ಗಿತು.

“ನೋಡು ಜವರ, ಒಂ‍ದು ಉಪಕಾರ ಆಗ್ಬೇಕು. ಒಂದೇ ಒಂದು ಬಾಟ್ಲಿ. ನಾಳೆ ಗುರುವಾರ. ನಿನ್ನ ಹೆಂಡ್ತಿದನ್ನ ಮೊದಲನೇದಾಗಿ ಮಾಡಿಸ್ತೀನಿ. ನಾನು ನಿಂತು ಮಾಡಿಸ್ತೀನಿ.”

“ಅವತ್ತು ತೂಕ ಸಾಲ್ದು ಅಂದ್ರಲ್ಲ ಬುದ್ಧಿ,” ಎಂದ ಜವರಯ್ಯ ನನ್ನ ಕಡೆ ನೋಡಿ. ನಗಲು ನೋಡಿದ. “ಎರಡು ವಾರದಲ್ಲಿ ದಪ್ಪ ಆಗಿದೀನಾ?”

ನಾನು ತಲೆ ತಗ್ಗಿಸಿದೆ.

“ಮೊದ್ಲು ಅವಳ್ದೇ ಮಾಡಿಸ್ತೀರಾ ಸಾವ್ಕಾರ್ರೇ? ನಿಜವಾಗ್ಲೂ?”

“ಲಿಂಗದಾಣೆ.”

ಜವರಯ್ಯ ಅಂಗಿಯ ತೋಳು ಮೇಲೆ ಸರಿಸಿದ. ಬೆಂಚಿನ ಮೇಲೆ ಮಲಗಿದ. ತೋಳು ನನ್ನ ಎರಡು ಬೆರಳಿನಷ್ಟು ದಪ್ಪವಿತ್ತು. ಆರರ ಹೆಂಗಸಿಗೆ ನಾಳೆ ಯಾವ ಸರ್ಜನ್ನೂ ಕತ್ತಿ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಾಹುಕಾರರು ಕೇಳಿರಲಿಲ್ಲ. ನಾನು ರಬ್ಬರ್ ಕೊಳವೆ ತೆಗೆದು ಅವನ ರಟ್ಟೆಗೆ ಬಿಗಿದೆ. ನರ ಎದ್ದಿತು.

“ಬಿಚ್ರಿ ಅದನ್ನ.”

ದ್ಯಾವೀರಮ್ಮ ಲ್ಯಾಬಿನ ಒಳಗೆ ನಿಂತಿದ್ದಳು. ಒಳಬಾಗಿಲಿಂದ ಬಂದಿದ್ದಳು. ಮುಟ್ಟಿನ ಸೀರೆಯಲ್ಲೇ, ವಾರ್ಡು ದಾಟಿಕೊಂಡು. ಮೊಣಕೈವರೆಗೆ ಸೋಪಿನ ನೊರೆ. ಅವಳ ಹಿಂದೆ ನೆಲದ ಮೇಲೆ ಒದ್ದೆ ಹೆಜ್ಜೆಗಳು.

“ಏಯ್, ನೀನು ಒಳಗೆ ಯಾಕೆ ಬಂದೆ?” ಎಂದರು ಸೋಮಶೇಖರಪ್ಪ.

“ಕಿಟಕಿಯಾಗೆ ಎಲ್ಲಾ ಕೇಳಿಸ್ತು. ಬಿಚ್ರಿ ಸ್ವಾಮಿ.”

“ಸುಮ್ನಿರೇ,” ಎಂದ ಜವರಯ್ಯ ಮಲಗಿದಲ್ಲಿಂದ. “ನಾಳೆ ನಿಂದೇ ಮೊದ್ಲಂತೆ. ಲಿಂಗದಾಣೆ ಹಾಕವ್ರೆ.”

“ನೀನು ಬಾಯಿ ಮುಚ್ಕೊಂಡು ಬಿದ್ಕೋ. ನಾಳೆ ನಿನ್ನ ಯಾರು ಎತ್ತಾರು? ನನ್ನ ಕೈಲಿ ಒಂದು ಬಟ್ಟೆ ಎತ್ತಾಕೆ ಆಗ್ತಿಲ್ಲ.” ಗೋಡೆ ಹಿಡಿದುಕೊಂಡಳು. ಉಸಿರು ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ಸ್ವಾಮಿ, ಅಮ್ಮಾರ್ದು ಇವತ್ತು ಎಷ್ಟೈತೆ?”

ಸಾಹುಕಾರರು ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತಿತ್ತು. ನನ್ನಪ್ಪನಿಗೂ ಗೊತ್ತಿತ್ತು. ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇತ್ತು. ಒಂದೇ ಪುಟ. ಮೇಲಿನ ಸಾಲು ಅವರದು, ಕೆಳಗಿನ ಸಾಲು ಇವಳದು.

“ಒಂಬತ್ತು,” ಎಂದೆ.

“ಕರಿಸಿದ್ದಪ್ಪ!”

“ನಂದು?”

“ಆರು.”

ಅವಳು ತಲೆಯಾಡಿಸಿದಳು. ಗೊತ್ತಿದ್ದದ್ದನ್ನೇ ಕೇಳಿದ ಹಾಗೆ.

“ಆರಕ್ಕೆ ನಾಳೆ ಮಾಡ್ತಾರಾ?”

“ಮಾಡಲ್ಲ.”

ಜವರಯ್ಯ ಎದ್ದು ಕೂತ. ರಟ್ಟೆಯ ರಬ್ಬರನ್ನು ನಾನು ಬಿಚ್ಚಿದೆನೋ ಅವನೇ ಕಿತ್ತನೋ ನೆನಪಿಲ್ಲ. ಸೋಮಶೇಖರಪ್ಪನವರ ಮುಖ ಕೆಂಪೇರಿತ್ತು. ಆದರೆ ದನಿ ಏರಲಿಲ್ಲ. ಅವರು ದನಿ ಏರಿಸುವ ಮನೆತನದವರಲ್ಲ.

“ನೋಡಮ್ಮ. ಈ ಆಸ್ಪತ್ರೆ ಬಿಟ್ರೆ ನಿಂಗೆ ಇನ್ನೆಲ್ಲಿದೆ? ಬೇರೆ ಕಡೆ ಹೋದ್ರೆ ನಿನ್ನ ಬಾಗಿಲಲ್ಲೇ ನಿಲ್ಲಿಸ್ತಾರೆ. ಇಲ್ಲಾದ್ರೆ ನಾಳೆ ಅಲ್ದಿದ್ರೆ ಇನ್ನೊಂದು ತಿಂಗಳಿಗೆ ಆದೀತು. ಮಾತ್ರೆ ಇದೆ, ಡಾಕ್ಟ್ರಿದ್ದಾರೆ. ನನ್ನ ಮಾತು ಮೀರಿದ್ರೆ ಆಪರೇಷನ್ನೂ ಇಲ್ಲ, ನಿಮ್ಮಿಬ್ಬರಿಗೂ ಕೆಲಸಾನೂ ಇಲ್ಲ. ಯೋಚ್ನೆ ಮಾಡು. ನಿನ್ನ ಜೀವ ನಿನ್ನ ಕೈಯಲ್ಲೇ ಇದೆ. ನಾನು ಕೇಳ್ತಿರೋದು ಒಂದು ಬಾಟ್ಲಿ.”

ಅವಳು ಯೋಚಿಸಿದಳು. ಸುಳ್ಳು ಹೇಳಬಾರದು, ನಿಜವಾಗಿ ಯೋಚಿಸಿದಳು. ಜವರಯ್ಯನ ಮುಖ ನೋಡಿದಳು. ಅವನ ತೋಳು ನೋಡಿದಳು. ಕಾಲ ಬಳಿ ನೆಲದ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಲು ಬಗ್ಗಲಿಲ್ಲ. ನಿಂತೇ ಇದ್ದಳು.

“ಕೊಡಿಸ್ತೀಯೋ ಇಲ್ವೋ?” ಎಂದರು ಸಾಹುಕಾರರು.

“ಕೊಡಲ್ಲ,” ಎಂದಳು ದ್ಯಾವೀರಮ್ಮ.